ಮನೆಗೆ ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ? ಮಲ್ಪೆ ಬದಿಯ ಮನೆಯಲ್ಲಿ ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಮನೆ, ಮೂರು ನಾಲ್ಕು ಜನ ಹಂಚಿಕೊಂಡು ಬಳಸುವುದು, ಮೇಜು ಇಡಲು ಒಂದು ಮೂಲೆ ಉಂಟು ಅಂದರೆ ಡೆಸ್ಕ್‌ಟಾಪೇ ತೆಗೆದುಕೊಳ್ಳಿ. ಬಾಡಿಗೆ ಮನೆ, ಬಳಸುವುದು ಒಬ್ಬರೇ, ಕಾಲೇಜಿಗೋ ಆಫೀಸಿಗೋ ಹೊತ್ತುಕೊಂಡು ಹೋಗಬೇಕು ಅಂದರೆ ಲ್ಯಾಪ್‌ಟಾಪ್. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕರಾವಳಿಯಲ್ಲಿ ಈ ಲೆಕ್ಕದ ಮಧ್ಯೆ ಮಳೆ, ಸಿಡಿಲು, ಉಪ್ಪು ಗಾಳಿ ಮೂರೂ ಬಂದು ಕೂರುತ್ತವೆ. ಬೆಂಗಳೂರಿನಲ್ಲಿ ಎಸಿ ರೂಮಲ್ಲಿ ಕೂತು ಮಾಡಿದ ವಿಡಿಯೋಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಡೆಸ್ಕ್‌ಟಾಪ್ 2018ರದ್ದು, ಉಡುಪಿಯಲ್ಲೇ ಅಂಗಡಿಯವರು ಜೋಡಿಸಿ ಕೊಟ್ಟದ್ದು. ಇಂಟೆಲ್ ಐ3, ಎಂಟನೇ ಜನರೇಶನ್, ಜೊತೆಗೆ 21.5 ಇಂಚಿನ ಮಾನಿಟರ್. ಲ್ಯಾಪ್‌ಟಾಪ್ 2020ರದ್ದು. ಶಾಲೆ ಕಾಲೇಜು ಮುಚ್ಚಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಎಲ್ಲರ ಹಾಗೆ ನಾವೂ ತೆಗೆದುಕೊಂಡದ್ದು. ಕೆಲಸ ದೊಡ್ಡದೇನಲ್ಲ. ಬ್ಯಾಂಕು, ಪಹಣಿ, ಕರೆಂಟ್ ಬಿಲ್ಲು, ಮಕ್ಕಳ ಪ್ರಾಜೆಕ್ಟು, ಹೆಂಡತಿಯ ಸ್ವಸಹಾಯ ಸಂಘದ ಲೆಕ್ಕ, ಅಪ್ಪನಿಗೆ ಯೂಟ್ಯೂಬ್‌ನಲ್ಲಿ ಯಕ್ಷಗಾನ. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ಇಷ್ಟಕ್ಕೆ ಇವತ್ತಿನ ಯಾವ ಕಂಪ್ಯೂಟರ್ ಆದರೂ ಸಾಕು, ಸ್ಪೀಡಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ.

ಒಂದು ವಿಷಯ ಬಿಟ್ಟು. ಹಾರ್ಡ್ ಡಿಸ್ಕ್ ಇರುವುದನ್ನು ತೆಗೆದುಕೊಳ್ಳಬೇಡಿ, ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಫೈಲ್ ಇಡುವ ಡ್ರೈವ್) ಇರಲೇಬೇಕು. ನಮ್ಮ ಎರಡೂ ಹಾರ್ಡ್ ಡಿಸ್ಕ್‌ನಲ್ಲೇ ಬಂದವು. ಲ್ಯಾಪ್‌ಟಾಪ್ ಅಂತೂ ಹೊಸದರಲ್ಲೇ ಎಷ್ಟು ನಿಧಾನ ಅಂದರೆ, ಆನ್ ಮಾಡಿ ಚಾ ಮಾಡಿಕೊಂಡು ಬಂದರೂ ಆ ವೃತ್ತ ಸುತ್ತುತ್ತಲೇ ಇರುತ್ತಿತ್ತು. ಆಮೇಲೆ ಎರಡಕ್ಕೂ ಎಸ್‌ಎಸ್‌ಡಿ ಹಾಕಿಸಿದೆ. ಪ್ರೊಸೆಸರ್ ಅದೇ, ಆದರೆ ಬೇರೆ ಯಂತ್ರವೇ ಬಂದ ಹಾಗೆ ಆಯಿತು. ಡೆಸ್ಕ್‌ಟಾಪಿಗೆ ನಾನೇ ಹಾಕಿದೆ, ನಾಲ್ಕು ಸ್ಕ್ರೂ, ಎರಡು ಕೇಬಲ್, ಅಷ್ಟೇ. ಲ್ಯಾಪ್‌ಟಾಪನ್ನು ಅಂಗಡಿಗೆ ಕೊಂಡುಹೋದೆ, ಅದರ ಹಿಂದಿನ ಮುಚ್ಚಳ ಬಿಚ್ಚುವಾಗ ಬರುವ ಟಕ್ ಟಕ್ ಶಬ್ದ ಕೇಳುವ ಧೈರ್ಯ ನನಗಿಲ್ಲ.

ಈಗ ಮಳೆಯ ವಿಷಯ. ಆಟಿ ತಿಂಗಳಲ್ಲಿ ನಮ್ಮಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಗೋಡೆಗೆ ಹೇಗೆ ಬೂಷ್ಟು ಹಿಡಿಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದೇ ತೇವ ಕಂಪ್ಯೂಟರ್ ಒಳಗೂ ಹೋಗುತ್ತದೆ. ಡೆಸ್ಕ್‌ಟಾಪನ್ನು ಒಂದೆರಡು ವಾರ ಮುಟ್ಟದೆ ಬಿಟ್ಟರೆ ಕೆಲವೊಮ್ಮೆ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಮೊದಲ ಸಲ ಹೀಗಾದಾಗ ಹೆದರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಆ ಹುಡುಗ ಬದಿಯ ಮುಚ್ಚಳ ತೆಗೆದ, ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಕಳಚಿದ, ಮೇಜಿನ ಡ್ರಾವರಿನಿಂದ ಮಕ್ಕಳು ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಎರಡೂ ಬದಿ ನಿಧಾನಕ್ಕೆ ಉಜ್ಜಿದ, ರಬ್ಬರಿನ ಪುಡಿ ಊದಿದ, ಮತ್ತೆ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿದ. ಪರದೆ ಬಂತು. "ಎಂತ ಇಲ್ಲ ಸರ್, ಮಳೆಗಾಲ ಅಲ್ವಾ, ಎಲ್ಲರದ್ದೂ ಇದೇ ಕತೆ" ಅಂದ. ದುಡ್ಡೂ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಈ ಕೆಲಸ ಮನೆಯಲ್ಲೇ ಆಗುತ್ತದೆ. ಪ್ಲಗ್ ಕಿತ್ತೇ ಮುಚ್ಚಳ ತೆಗೆಯಿರಿ, ಅಷ್ಟು ನೆನಪಿಟ್ಟರೆ ಸಾಕು. ಇನ್ನೊಂದು, ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಕ್ಕೆ ಅರ್ಧ ಗಂಟೆ ಸುಮ್ನೆ ಆನ್ ಮಾಡಿ ಇಡಿ. ಒಳಗೆ ಸ್ವಲ್ಪ ಬಿಸಿಯಾದರೆ ತೇವ ನಿಲ್ಲುವುದಿಲ್ಲ. ಇದು ಲ್ಯಾಪ್‌ಟಾಪಿಗೂ ಅನ್ವಯ.

ಲ್ಯಾಪ್‌ಟಾಪಿಗೆ ತೇವ ತಟ್ಟಿದ್ದು ಕೀಬೋರ್ಡಿನಲ್ಲಿ. ಒಂದು ಮಳೆಗಾಲದಲ್ಲಿ ಐದಾರು ಕೀ ಒಟ್ಟಿಗೆ ಕೆಲಸ ನಿಲ್ಲಿಸಿದವು. ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಕೀಬೋರ್ಡ್ ಮಾತ್ರ ಬದಲಾಯಿಸಲು ಆಗುವುದಿಲ್ಲವಂತೆ, ಅದು ಮೇಲಿನ ಪ್ಯಾನೆಲ್‌ಗೆ ರಿವೆಟ್ ಹೊಡೆದು ಕೂತಿದೆ, ಪ್ಯಾನೆಲ್ಲೇ ಹೊಸದು ಹಾಕಬೇಕು. ಅವರು ಹೇಳಿದ ದುಡ್ಡಿಗೆ ನಾನು ಡೆಸ್ಕ್‌ಟಾಪಿಗೆ ಹತ್ತು ಕೀಬೋರ್ಡ್ ತರಬಹುದಿತ್ತು. ಕೊನೆಗೆ ಸಾಧಾರಣ ಯುಎಸ್‌ಬಿ ಕೀಬೋರ್ಡ್ ಒಂದನ್ನು ಅದಕ್ಕೆ ಸಿಕ್ಕಿಸಿದೆವು. ಹೊರಗಿನ ಕೀಬೋರ್ಡ್, ಹೊರಗಿನ ಮೌಸ್, ಚಾರ್ಜರ್ ಸದಾ ಗೋಡೆಯಲ್ಲಿ. ಅಲ್ಲಿಗೆ ಅದೂ ಡೆಸ್ಕ್‌ಟಾಪೇ ಆಯಿತಲ್ಲ ಮಾರಾಯ್ರೆ!

ಹಾಗೆ ಚಾರ್ಜರ್ ಸದಾ ಹಾಕಿಟ್ಟದ್ದರ ಬೆಲೆಯೂ ಉಂಟು. ಲಿಥಿಯಂ ಬ್ಯಾಟರಿ ಯಾವಾಗಲೂ 100ರಲ್ಲೇ ಇದ್ದು, ಮೇಲಿಂದ ನಮ್ಮ ಏಪ್ರಿಲ್ ಮೇ ಸೆಕೆಯೂ ಸೇರಿದರೆ ಬೇಗ ಹಾಳಾಗುತ್ತದೆ, ಕೆಲವು ಉಬ್ಬಿಬಿಡುತ್ತವೆ. ನಮ್ಮದು ಉಬ್ಬಿತು. ಮೊದಲಿಗೆ ಗೊತ್ತಾಗುವುದು ಟಚ್‌ಪ್ಯಾಡಿನಲ್ಲಿ, ಒತ್ತಿದರೆ ಕ್ಲಿಕ್ ಅನ್ನುವುದಿಲ್ಲ, ಕೈಯಿಟ್ಟರೆ ನಡುವೆ ಸ್ವಲ್ಪ ಎದ್ದ ಹಾಗೆ ಕಾಣುತ್ತದೆ. ಹಾಗೆ ಕಂಡರೆ ಆ ದಿನವೇ ಚಾರ್ಜ್ ಮಾಡುವುದು ನಿಲ್ಲಿಸಿ ಬ್ಯಾಟರಿ ತೆಗೆಸಿ, ಅದರ ಜೊತೆ ಆಟ ಬೇಡ, ಬೆಂಕಿ ಹತ್ತಬಹುದು. ಈಗ ಹೆಚ್ಚಿನ ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಬರುತ್ತದೆ. ತಂದ ದಿನವೇ ಅದನ್ನು ಆನ್ ಮಾಡಿ.

ಕರೆಂಟ್ ಹೋಗುವ ವಿಷಯದಲ್ಲಿ ಮಾತ್ರ ಲ್ಯಾಪ್‌ಟಾಪ್ ಗೆಲ್ಲುತ್ತದೆ ಅಂತ ಎಲ್ಲರೂ ಹೇಳುವುದು. ಸರಿಯೇ, ಆದರೆ ಅರ್ಧ. ಗಾಳಿಮಳೆಗೆ ತೆಂಗಿನ ಗರಿ ಲೈನಿನ ಮೇಲೆ ಬಿದ್ದು ಕರೆಂಟ್ ಹೋದರೆ ಲ್ಯಾಪ್‌ಟಾಪ್ ಓಡುತ್ತಿರುತ್ತದೆ, ವೈಫೈ ಡಬ್ಬಿ ಸತ್ತಿರುತ್ತದೆ. ಕ್ಲಾಸ್ ಅಲ್ಲಿಗೇ ನಿಂತಿತು. ಮೊಬೈಲ್ ಹಾಟ್‌ಸ್ಪಾಟ್ ಉಂಟಲ್ಲ ಅನ್ನಬಹುದು, ಜೋರು ಮಳೆಗೆ ಟವರ್ ಕೂಡ ಕೈ ಕೊಡುತ್ತದೆ. ರೌಟರಿಗೆ ಅಂತಲೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್ ತಂದ ಮೇಲೆಯೇ ನಮಗೆ ನೆಮ್ಮದಿ ಆದದ್ದು, ಅದು ಸುಮಾರು ಸಾವಿರ ಸಾವಿರದೈನೂರರ ವಸ್ತು.

ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಇದೆ. ಹೊಸದರಲ್ಲಿ ಹದಿನೈದು ಇಪ್ಪತ್ತು ನಿಮಿಷ ಬರುತ್ತದೆ, ಕೀ ಕೀ ಅಂತ ಮನೆಯವರ ತಲೆ ತಿನ್ನುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಒಳಗಿನ 7 ಆಂಪಿಯರ್ ಅವರ್ ಬ್ಯಾಟರಿ ಬದಲಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದವರು ಒಂದು ಕೆಲಸ ಮಾಡಿ ನೋಡಿ. ಹೆಚ್ಚಿನ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಬದಲಾಗುವಾಗ ಆಗುವ ಚೂರು ತಡಕ್ಕೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ, ಯುಪಿಎಸ್ ಮೋಡ್‌ಗೆ ಹಾಕಿದರೆ ಹೆಚ್ಚಾಗಿ ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ಚನ್ನು ಯಾರೂ ಮುಟ್ಟಿಯೇ ಇಲ್ಲ.

ಸಿಡಿಲು ಬೇರೆಯೇ ಕತೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳು, ಮತ್ತೆ ದೀಪಾವಳಿ ಆಸುಪಾಸಿನ ಸಂಜೆಗಳು, ಈ ಎರಡು ಹೊತ್ತಿನಲ್ಲಿ ಜಾಗ್ರತೆ. ನಾವು ಕುಂದಾಪುರಕ್ಕೆ ಮದುವೆಗೆ ಹೋಗಿದ್ದಾಗ ಹತ್ತಿರದಲ್ಲೇ ಎಲ್ಲೋ ಬಿದ್ದಿರಬೇಕು, ಬಂದು ನೋಡಿದರೆ ಡೆಸ್ಕ್‌ಟಾಪ್ ಆನ್ ಆಗುತ್ತದೆ, ಇಂಟರ್ನೆಟ್ ಇಲ್ಲ. ಮದರ್‌ಬೋರ್ಡಿನ (ಒಳಗಿನ ಮುಖ್ಯ ಬೋರ್ಡು) ಲ್ಯಾನ್ ಪೋರ್ಟ್, ಅಂದರೆ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಜಾಗ, ಸುಟ್ಟಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಫೈಬರ್ ಡಬ್ಬಿಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದೆ, ಡಬ್ಬಿಯಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ಕೇಬಲ್ಲು. ಆ ದಾರಿಯಲ್ಲಿ ಬರುತ್ತದೆ. ಪವರ್ ಪ್ಲಗ್ ಮಾತ್ರ ಕಿತ್ತರೆ ಸಾಲದು, ಆ ಕೇಬಲ್ಲನ್ನೂ ಕೀಳಬೇಕು. ನಮ್ಮ ಪುಣ್ಯಕ್ಕೆ ಕೆಲವು ನೂರು ರೂಪಾಯಿಯ ಲ್ಯಾನ್ ಕಾರ್ಡ್ ಒಂದನ್ನು ಖಾಲಿ ಸ್ಲಾಟಿಗೆ ಹಾಕಿ ಮುಗಿಯಿತು. ಪಕ್ಕದ ಮನೆಯವರ ಲ್ಯಾಪ್‌ಟಾಪ್ ಅದೇ ವಾರ ಚಾರ್ಜಿಗೆ ಇಟ್ಟಲ್ಲೇ ಹೋಯಿತು, ಮದರ್‌ಬೋರ್ಡೇ ಬದಲಿಸಬೇಕು ಅಂದರಂತೆ. ಅವರು ಹೊಸದೇ ತೆಗೆದುಕೊಂಡರು. ನನಗೆ ಡೆಸ್ಕ್‌ಟಾಪಿನ ಮೇಲೆ ಪ್ರೀತಿ ಬಂದದ್ದು ಇಲ್ಲಿಯೇ. ಯಾವ ಭಾಗ ಹೋಯಿತೋ ಆ ಭಾಗ ಮಾತ್ರ ಬದಲಿಸುವುದು. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಹೋದರೆ ಎಸ್‌ಎಂಪಿಎಸ್, ಫ್ಯಾನ್ ಹೋದರೆ ಫ್ಯಾನ್. ನಮ್ಮ ಎಸ್‌ಎಂಪಿಎಸ್ ಒಳಗೆ ಒಂದು ಹಲ್ಲಿ ಹೋಗಿ ತಾನೂ ಸತ್ತು ಅದನ್ನೂ ಸಾಯಿಸಿತು, ಅದೂ ಒಂದು ಮಧ್ಯಾಹ್ನದ ಕೆಲಸ. ಹಿಂದೆ ಖಾಲಿ ಸ್ಲಾಟುಗಳ ತಗಡಿನ ಪಟ್ಟಿ ಬಿದ್ದುಹೋಗಿದ್ದರೆ ಮುಚ್ಚಿಸಿಕೊಳ್ಳಿ, ಹಲ್ಲಿ ಇರುವೆ ಬರುವ ಬಾಗಿಲು ಅದು.

ಕರೆಂಟ್ ಖರ್ಚಿನ ಬಗ್ಗೆ ಸುಮ್ನೆ ಹೆದರಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡೆಸ್ಕ್‌ಟಾಪ್, ಮಾನಿಟರ್ ಎಲ್ಲ ಸೇರಿ ಇಂಥ ಕೆಲಸಕ್ಕೆ 60–70 ವಾಟ್. ಲ್ಯಾಪ್‌ಟಾಪ್ 15–20. ದಿನಕ್ಕೆ ನಾಲ್ಕು ಗಂಟೆ ಹಿಡಿದರೆ ತಿಂಗಳಿಗೆ ಒಂದು ಏಳೆಂಟು ಯೂನಿಟ್, ಇನ್ನೊಂದು ಎರಡು. ಯೂನಿಟ್‌ಗೆ ಆರು ರೂಪಾಯಿ ಅಂತ ಹಾಕಿದರೂ ವ್ಯತ್ಯಾಸ ತಿಂಗಳಿಗೆ ಮೂವತ್ತು ನಲವತ್ತು ರೂಪಾಯಿ. ಒಂದು ಪ್ಲೇಟ್ ಗೋಳಿಬಜೆಯ ಲೆಕ್ಕ.

ಹಾಗಂತ ಡೆಸ್ಕ್‌ಟಾಪ್ ಅಗ್ಗ ಅಂತ ನಂಬಿ ಹೋಗಬೇಡಿ. ಅಂಗಡಿಯವರು ಹೇಳುವ ರೇಟು ಸಿಪಿಯು ಡಬ್ಬಿಯದ್ದು. ಅದರ ಮೇಲೆ ಮಾನಿಟರ್, ಯುಪಿಎಸ್, ಕೀಬೋರ್ಡ್, ಮೌಸ್, ಸ್ಪೀಕರ್, ವೆಬ್‌ಕ್ಯಾಮ್, ವೈಫೈ ಡಾಂಗಲ್. ಮೇಜು, ಕುರ್ಚಿ ಬೇರೆ. ಎಲ್ಲ ಕೂಡಿಸಿದರೆ ಸಾಧಾರಣ ಲ್ಯಾಪ್‌ಟಾಪಿನ ಬೆಲೆಗೆ ಬಂದು ನಿಲ್ಲುತ್ತದೆ, ಕೆಲವೊಮ್ಮೆ ದಾಟುತ್ತದೆ. ಉಳಿತಾಯ ಕಾಣುವುದು ನಾಲ್ಕೈದು ವರ್ಷ ಕಳೆದ ಮೇಲೆ. ಆಗ ಮಾನಿಟರ್, ಕೀಬೋರ್ಡ್, ಕ್ಯಾಬಿನೆಟ್ ಎಲ್ಲ ಹಾಗೆಯೇ ಇರುತ್ತವೆ.

ಅಪ್ಪನ ವಿಷಯ ಹೇಳಲೇಬೇಕು. ಅವರಿಗೆ ಎಪ್ಪತ್ತು ದಾಟಿದೆ. ಭಜನಾ ಮಂದಿರದ ಆಮಂತ್ರಣ, ಜಮಾ ಖರ್ಚು ಎಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಅವರೇ ಟೈಪ್ ಮಾಡುವುದು. ಲ್ಯಾಪ್‌ಟಾಪಿನಲ್ಲಿ ಕೂತರೆ ಅರ್ಧ ಗಂಟೆಗೆ ಕುತ್ತಿಗೆ ಹಿಡಿಯುತ್ತದೆ, ಪರದೆ ತಗ್ಗಿನಲ್ಲಿ, ಅಕ್ಷರ ಸಣ್ಣದು, ಅಂಗೈ ತಾಗಿ ಕರ್ಸರ್ ಎಲ್ಲೆಲ್ಲೋ ಓಡುತ್ತದೆ. ಡೆಸ್ಕ್‌ಟಾಪಿನಲ್ಲಿ ಮಾನಿಟರ್ ಕಣ್ಣಿನ ಮಟ್ಟಕ್ಕೆ ಇದೆ, ಕೀಬೋರ್ಡಿನ ಕೀಗಳಿಗೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದೇವೆ. ರಾತ್ರಿ ಯಕ್ಷಗಾನವನ್ನೂ ಅದರಲ್ಲೇ ನೋಡುತ್ತಾರೆ. ಚಾವಡಿಯಲ್ಲಿ ಎಲ್ಲರೂ ಓಡಾಡುವ ಜಾಗದಲ್ಲಿ ಇಟ್ಟದ್ದರಿಂದ ಮಗ ಏನು ನೋಡುತ್ತಿದ್ದಾನೆ ಅಂತ ಇಣುಕಿ ನೋಡುವ ಕೆಲಸವೂ ಇಲ್ಲ. ಲ್ಯಾಪ್‌ಟಾಪ್ ಇದ್ದರೆ ಅದು ಹಾಸಿಗೆಗೆ ಹೋಗುತ್ತದೆ, ಅಲ್ಲಿ ಹೊದಿಕೆಯ ಮೇಲೆ ಗಾಳಿ ಹೋಗುವ ಸಂದಿ ಮುಚ್ಚಿ ಬಿಸಿಯಾಗುತ್ತದೆ. ಮಗಳು ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಹೋಗುವಾಗ ಆ ಲ್ಯಾಪ್‌ಟಾಪನ್ನೇ ಕೊಂಡುಹೋದಳು. ಅವಳಿಗೆ ಅದಿಲ್ಲದೆ ಆಗುವುದಿಲ್ಲ. ಮನೆಯಲ್ಲಿ ನಮಗೆ ಅದು ಹೋದದ್ದು ಗೊತ್ತೇ ಆಗಲಿಲ್ಲ.

ಸುರತ್ಕಲ್‌ನಲ್ಲಿರುವ ಹೆಂಡತಿಯ ತಮ್ಮ ಮೊನ್ನೆ ಫೋನ್ ಮಾಡಿ "ಭಾವ, ಒಂದೇ ಮಾತಲ್ಲಿ ಹೇಳಿ, ಯಾವುದು ತೆಗೊಳ್ಳಲಿ" ಅಂದ. ಫ್ಲ್ಯಾಟು, ಎರಡು ಸಣ್ಣ ರೂಮು, ಕ್ಯಾಬಿನೆಟ್ ಇಡಲು ಜಾಗ ಇಲ್ಲ, ಹೊರಗೆ ಕೊಂಡುಹೋಗುವುದೂ ಇಲ್ಲ. ಅವನಿಗೆ ನಾನು ಎರಡನ್ನೂ ಹೇಳಲಿಲ್ಲ, ಮಿನಿ ಪಿಸಿ ನೋಡು ಅಂದೆ. ಇಂಟೆಲ್ ಎನ್100 ಚಿಪ್ 2023ರಲ್ಲಿ ಬಂದ ಮೇಲೆ ಈ ಅಂಗೈಯಗಲದ ಡಬ್ಬಿಗಳು ಮನೆಯ ಕೆಲಸಕ್ಕೆ ಚೆನ್ನಾಗಿಯೇ ಸಾಕಾಗುತ್ತವೆ. ಮಾನಿಟರಿನ ಹಿಂದೆಯೇ ಸ್ಕ್ರೂ ಹಾಕಿ ನಿಲ್ಲಿಸಬಹುದು, ವೈಫೈ ಒಳಗೇ ಬರುತ್ತದೆ, ಕರೆಂಟೂ ಕಡಿಮೆ, ಹಾಗಾಗಿ ಅದೇ 600 ವಿಎ ಯುಪಿಎಸ್ ಜಾಸ್ತಿ ಹೊತ್ತು ಎಳೆಯುತ್ತದೆ. ಉಬ್ಬುವ ಬ್ಯಾಟರಿ ಇಲ್ಲ. ರಿಪೇರಿ ಮಾತ್ರ ದೊಡ್ಡ ಡೆಸ್ಕ್‌ಟಾಪಿನಷ್ಟು ಸುಲಭ ಅಲ್ಲ, ಬೋರ್ಡ್ ಹೋದರೆ ಹೋಯಿತು.

ದುಡ್ಡು ಕಡಿಮೆ ಇದ್ದರೆ ಮಂಗಳೂರು, ಉಡುಪಿ ಎರಡೂ ಕಡೆ ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಸಿಗುತ್ತವೆ. ಗಟ್ಟಿ ಮಾಲು, ನನಗೆ ಇಷ್ಟ. ಆದರೆ ಪ್ರೊಸೆಸರ್ ನಂಬರ್ ನೋಡಿಯೇ ದುಡ್ಡು ಕೊಡಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಆಮೇಲಿನದ್ದು ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕೂಡ ಬೇಕು. ಐ5-6500 ಅಂತ ಇದ್ದರೆ ಆರನೇ ಜನರೇಶನ್, ಐ5-8500 ಅಂದರೆ ಎಂಟನೆಯದು, ಐ5-10400 ಅಂದರೆ ಹತ್ತನೆಯದು. ಎಂಟನೆಯದೇ ಇದ್ದೂ ವಿಂಡೋಸ್ 11 ಆಗುವುದಿಲ್ಲ ಅಂತ ಬಂದರೆ ಹೆದರಬೇಡಿ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟ) ಪಿಟಿಟಿ ಅಂತ ಇಂಟೆಲ್‌ನ ಟಿಪಿಎಂ ಆಯ್ಕೆ ಹೆಚ್ಚಾಗಿ ಆಫ್ ಇರುತ್ತದೆ, ಅದನ್ನು ಆನ್ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ. ನಮ್ಮ 2018ರ ಯಂತ್ರಕ್ಕೆ ಹಾಗೆಯೇ ಮಾಡಿದ್ದು. ಆರನೆಯ, ಏಳನೆಯ ಜನರೇಶನ್‌ನದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಮನಸ್ಸಿದ್ದರೆ ಮಾತ್ರ ತನ್ನಿ.