ವಾಪಿಟಿ ವಿಮಾನದ ಮಾಡೆಲ್ ಕಿಟ್: ದುಡ್ಡಿಗೆ ಮೋಸ ಇಲ್ಲ, ಆದರೆ ಮಳೆಗಾಲದಲ್ಲಿ ಬೇಡ

ವೆಸ್ಟ್‌ಲ್ಯಾಂಡ್ ವಾಪಿಟಿ, 1:72 ಅಳತೆಯ ಪ್ಲಾಸ್ಟಿಕ್ ಕಿಟ್. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಒಂದು ಆಟಿಕೆ ಅಂಗಡಿಯವರು ಬೆಂಗಳೂರಿನಿಂದ ತರಿಸಿಕೊಟ್ಟರು. ನಾಲ್ಕು ಸಾವಿರದ ಹತ್ತಿರ ಆಯಿತು. ಕಂಪನಿ ಹೆಸರು ಹಾಕುತ್ತಿಲ್ಲ, ಬೈಯುವುದೂ ಸ್ವಲ್ಪ ಇದೆ.

ಇದೇ ವಿಮಾನ ಯಾಕೆ ಅಂದರೆ, ನಮ್ಮ ವಾಯುಪಡೆ ಶುರುವಾಗಿದ್ದೇ ಇದರಿಂದ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಂಬರ್ 1 ಸ್ಕ್ವಾಡ್ರನ್, ಅಂದರೆ ವಾಯುಪಡೆಯ ಮೊದಲ ತುಕಡಿ, ಹುಟ್ಟಿದಾಗ ಇದ್ದದ್ದು ನಾಲ್ಕೇ ವಾಪಿಟಿ. 1937ರ ಹೊತ್ತಿಗೆ ನಮ್ಮ ಹುಡುಗರು ಅದರಲ್ಲೇ ಅಫ್ಘಾನ್ ಗಡಿಯ ವಜೀರಿಸ್ತಾನದ ಮಿರನ್‌ಶಾದಿಂದ ಹಾರುತ್ತಿದ್ದರು, ಬ್ರಿಟಿಷರ ಗಡಿ ಕಾಯುವುದಕ್ಕೆ. ವಿಮಾನವೂ ಜುಗ್ಗತನದ ಕೂಸು. ಮೊದಲ ಮಹಾಯುದ್ಧದ ಡಿ.ಎಚ್.9ಎ ವಿಮಾನಗಳ ಬಿಡಿಭಾಗ ರಾಶಿ ಬಿದ್ದಿತ್ತು, ಅದನ್ನೇ ಆದಷ್ಟು ಬಳಸಿ ಹೊಸದು ಮಾಡಿ ಎಂದು ಬ್ರಿಟನ್ ಸರ್ಕಾರ ಕೇಳಿತ್ತು.

ಕಿಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಎಂಜಿನ್. ಗಾಳಿಗೇ ತಣ್ಣಗಾಗುವ ಜುಪಿಟರ್ ಅದು, ಒಂಬತ್ತು ಸಿಲಿಂಡರ್, ಒಂದೊಂದನ್ನೂ ಬೇರೆ ಬೇರೆ ಅಂಟಿಸಬೇಕು, ತಾಳ್ಮೆ ಇದ್ದರೆ ಮಜಾ, ಇಲ್ಲದಿದ್ದರೆ ಚಿಮಟ ಎಸೆದು ಎದ್ದು ಹೋಗುತ್ತೀರಿ. ಹಿಂದೆ ಕೂರುವವನ ಲೂಯಿಸ್ ಮೆಷಿನ್ ಗನ್ ಕೂಡ ಚೆನ್ನಾಗಿದೆ. ರೆಕ್ಕೆಗಳ ನಡುವಿನ ಕಡ್ಡಿಗಳು ಮಾತ್ರ ತೂತಿಗೆ ಕೂರುವುದೇ ಇಲ್ಲ, ಉಜ್ಜಿ ಉಜ್ಜಿ ಸಾಕಾಯಿತು. ಇನ್ನು ನಮ್ಮ ಕಡೆ ಜುಲೈ ಮಳೆಯಲ್ಲಿ ಬೆಳ್ಳಿ ಬಣ್ಣ ಒಣಗುತ್ತದೆ ಅಂತ ಕಾಯುವುದು ಸುಮ್ನೆ, ಮುಟ್ಟಿದರೆ ಬೆರಳಚ್ಚು. ಇದು ಕಿಟ್‌ನ ತಪ್ಪಲ್ಲ ಬಿಡಿ.

ಸಿಟ್ಟು ಬಂದಿದ್ದು ಜೊತೆಗಿರುವ ಪುಸ್ತಿಕೆ ನೋಡಿ. ಬಣ್ಣದ ನಂಬರಿಗೆ ಎರಡು ಪುಟ, ಇತಿಹಾಸಕ್ಕೆ ಒಂದು ಸಾಲು: ದಂಗೆಕೋರರನ್ನು ಹದ್ದುಬಸ್ತಿನಲ್ಲಿ ಇಟ್ಟ ವಿಮಾನವಂತೆ. ಇಟ್ಟಿದ್ದು ಹೇಗೆ? ಬ್ರಿಟಿಷರು ಮೊದಲು ಆ ಗಡಿಯ ಬುಡಕಟ್ಟು ಜನರ ಊರ ಮೇಲೆ ಚೀಟಿ ಉದುರಿಸುತ್ತಿದ್ದರು, ಇಂಥ ದಿನದೊಳಗೆ ಜಾಗ ಖಾಲಿ ಮಾಡಿ ಎಂದು. ಆಮೇಲೆ ಬಾಂಬು. ಜನ ವಾಪಸ್ ಬಂದು ಹೊಲ ಉಳಬಾರದು, ದನ ಮೇಯಿಸಬಾರದು, ಸೋತು ದಂಡ ಕಟ್ಟಬೇಕು, ಅದೇ ಲೆಕ್ಕಾಚಾರ. ವಾಪಿಟಿ ಬರುವ ಮುಂಚೆಯೇ, 1925ರಲ್ಲಿ, ಬ್ರಿಟಿಷ್ ವಾಯುಪಡೆಯ ವಿಂಗ್ ಕಮಾಂಡರ್ ರಿಚರ್ಡ್ ಪಿಂಕ್ ಕಾಲಾಳುಗಳೇ ಇಲ್ಲದೆ, ಬರೀ ವಿಮಾನಗಳಿಂದ 54 ದಿನ ಇದನ್ನೇ ನಡೆಸಿದ್ದ. ಪೈಲಟ್‌ಗಳ ಜೇಬಿನಲ್ಲೂ ಒಂದು ಚೀಟಿ ಇರುತ್ತಿತ್ತು, ಇವನನ್ನು ಜೀವಂತವಾಗಿ ತಂದೊಪ್ಪಿಸಿದರೆ ಇನಾಮು ಎಂದು ಉರ್ದು, ಪಷ್ತೋದಲ್ಲಿ. ಅಂದರೆ ಕೆಳಗೆ ಬಿದ್ದರೆ ಏನಾಗಬಹುದು ಅಂತ ಅವರಿಗೂ ಚೆನ್ನಾಗಿ ಗೊತ್ತಿತ್ತು, ಅಲ್ವಾ? ಮಕ್ಕಳು ಕೂತು ಮಾಡುವ ಕಿಟ್‌ನಲ್ಲಿ ಇಷ್ಟನ್ನಾದರೂ ಅರ್ಧ ಪುಟ ಬರೆಯಬಹುದಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಜೋಡಿರೆಕ್ಕೆಯ ವಿಮಾನ ಹಿಂದೆ ಮಾಡಿಲ್ಲದವರು ಇದರಿಂದ ಶುರು ಮಾಡಬೇಡಿ. ರೆಕ್ಕೆಗಳ ನಡುವಿನ ತಂತಿಗೆ ಗಾಳಕ್ಕೆ ಕಟ್ಟುವ ಸಣ್ಣ ನೈಲಾನ್ ದಾರ ನೀವೇ ತಂದಿಟ್ಟುಕೊಳ್ಳಿ, ಡಬ್ಬಿಯಲ್ಲಿ ಬರುವುದಿಲ್ಲ.