ನವನಗರದ ಶನಿವಾರದ ಕೂಟ: ಮರೆವಿನ ಕಾಯಿಲೆಯವರಿಗೆ ಚಲೋ ಜಾಗ, ಐದಕ್ಕೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿಗೆ ಹೋದರೆ ಮರೆವಿನ ಕಾಯಿಲೆ ವಾಸಿಯಾಗುವುದಿಲ್ಲ. ಹಾಗಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ನಡೆಸುವವರೂ ಹಾಗೆ ಹೇಳುವುದಿಲ್ಲ. ನಮ್ಮ ಅಪ್ಪನಿಗೆ ಅಲ್ಝೈಮರ್ಸ್. ಹೋದ ದೀಪಾವಳಿ ಆದ ಮೇಲಿಂದ ಕರೆದುಕೊಂಡು ಹೋಗುತ್ತಿದ್ದೇನೆ. ಅವರ ನೆನಪು ಆಗಿಗಿಂತ ಈಗ ಕಡಿಮೆಯೇ ಆಗಿದೆ. ಆದರೂ ಶನಿವಾರ ತಪ್ಪಿಸುವುದಿಲ್ಲ.

ಜಾಗ ಬಾಗಲಕೋಟೆ ನವನಗರದ ಒಂದು ಸಮುದಾಯ ಭವನ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ. ಬೋರ್ಡು ಇಲ್ಲ, ಬೇಕಂತಲೇ ಹಾಕಿಲ್ಲ. ಹಾಕಿದರೆ ‘ನಮ್ಮ ಹಿರಿಯರಿಗೆ ತಲಿ ಕೆಟ್ಟೈತಿ ಅಂತ ಊರಿಗೆಲ್ಲ ಗೊತ್ತಾಗತೈತಿ’ ಎಂದು ಅರ್ಧ ಮನೆಯವರು ಬರುವುದೇ ಇಲ್ಲ. ನಡೆಸುವವರು ನಿವೃತ್ತ ನರ್ಸ್ ಅಕ್ಕಾವ್ರು ಒಬ್ಬರು, ಜೊತೆಗೆ ಅವರ ಪರಿಚಯದ ನಾಲ್ಕಾರು ಜನ. ಫೀ ಇಲ್ಲ. ಚಹಾ, ನಾಷ್ಟಾಕ್ಕೆ ಐವತ್ತು ರೂಪಾಯಿ. ಬೆಳಗಿನ ಹೊತ್ತು ಇಟ್ಟುಕೊಂಡಿದ್ದು ಜಾಣತನ. ಸಂಜೆಯಾಗುತ್ತಿದ್ದಂತೆ ಈ ಕಾಯಿಲೆಯ ಎಷ್ಟೋ ಜನರಿಗೆ ಗೊಂದಲ, ಸಿಟ್ಟು ಜಾಸ್ತಿಯಾಗುತ್ತದೆ. ಆ ಹೊತ್ತಿನಲ್ಲಿ ಕೂಟ ಮಾಡಿದರೆ ಕೂಟ ಆಗುವುದಿಲ್ಲ, ಜಗಳ ಆಗುತ್ತದೆ.

ಸೇರಿಸಿಕೊಳ್ಳುವ ಮೊದಲು ಡಾಕ್ಟರ ಚೀಟಿ ಕೇಳುತ್ತಾರೆ. ಇದು ಸರಿಯಾದ ಪದ್ಧತಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇದ್ದರೂ ಮರೆವು ಬರುತ್ತದೆ, ಅವಕ್ಕೆಲ್ಲ ಔಷಧ ಇದೆ. ‘ವಯಸ್ಸಾತು, ಅರಳು ಮರಳು’ ಎಂದು ಮನೆಯಲ್ಲೇ ತೀರ್ಪು ಕೊಟ್ಟು ಕರೆತಂದವರನ್ನು ಅಕ್ಕಾವ್ರು ಮೊದಲು ರಕ್ತ ಪರೀಕ್ಷೆಗೆ ಓಡಿಸುತ್ತಾರೆ.

ಒಳಗೆ ಒಂದೇ ಕಟ್ಟುನಿಟ್ಟು. ‘ನಾ ಯಾರು ಹೇಳ್ರಿ ನೋಡೂಣು?’ ಎಂದು ಯಾರೂ ಕೇಳಬಾರದು. ನಮ್ಮ ನೆಂಟರಲ್ಲಿ ಒಬ್ಬರಾದರೂ ಈ ಪರೀಕ್ಷೆ ಮಾಡದೆ ಮನೆಯಿಂದ ಹೋಗಿದ್ದಾರಾ? ಉತ್ತರ ಗೊತ್ತಿಲ್ಲದೆ ಅಪ್ಪ ಸುಮ್ನೆ ನಗುತ್ತಾರೆ, ಆಮೇಲೆ ಇಡೀ ದಿನ ಮಂಕಾಗಿರುತ್ತಾರೆ. ಇಲ್ಲಿ ಬಂದವರೇ ತಮ್ಮ ಹೆಸರು ಹೇಳಿ ಕೈ ಮುಗಿಯುತ್ತಾರೆ. ಅಪ್ಪನನ್ನು ‘ಸಾವ್ಕಾರ್ರ’ ಎಂದು ಕರೆಯುತ್ತಾರೆ. ಅಪ್ಪ ಹಳೇ ಊರಿನಲ್ಲಿ ಬಟ್ಟೆ ಅಂಗಡಿ ನಡೆಸಿದವರು, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರಿದವರು. ಅಲ್ಲಿ ಅವರು ಪೇಷಂಟ್ ಅಲ್ಲ, ಸಾವ್ಕಾರ್ರೇ.

ಈಗ ನನಗೆ ತುಂಬಾ ಹಿಡಿಸಿದ ವಿಷಯ. ನಮ್ಮ ಮನೆ ಘಟಪ್ರಭೆ ಕಡೆಗಿನ ತಗ್ಗಿನ ಓಣಿಯಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪರಿಹಾರ ತಗೊಂಡು ನವನಗರಕ್ಕೆ ಬಂದೆವು. ಇಲ್ಲಿ ಒಂದು ಸೆಕ್ಟರಿನಂತೆ ಇನ್ನೊಂದು ಸೆಕ್ಟರು, ಅದೇ ಅಳತೆಯ ರಸ್ತೆ, ಅದೇ ತಿರುವು. ನೆನಪು ಗಟ್ಟಿ ಇದ್ದವರಿಗೇ ದಾರಿ ತಪ್ಪುತ್ತದೆ. ಅಪ್ಪ ದಿನಾ ‘ಮನಿಗೆ ಹೋಗೂಣು ನಡಿ’ ಎನ್ನುತ್ತಾರೆ. ಅವರು ಕೇಳುವ ಮನೆ ನೀರಲ್ಲಿದೆ. ‘ಇದೇ ನಮ್ಮನಿರೀ ಅಪ್ಪಾ’ ಎಂದರೆ ಸಿಟ್ಟು. ‘ಮುಳುಗಿ ಹೋತಲ್ರೀ’ ಎಂದರೆ ಆ ಸುದ್ದಿ ಅವರಿಗೆ ಹೊಸದು, ಪ್ರತಿ ಸಲವೂ ಹೊಸದು.

ಕೂಟದಲ್ಲಿ ಈ ಮಾತು ಬಂದಾಗ ಅಲ್ಲಿನ ಹುಡುಗಿಯೊಬ್ಬಳು ಇಲ್ಲ, ಹೌದು ಏನೂ ಹೇಳಲಿಲ್ಲ. ‘ಯಾ ದಾರೀಲೆ ಹೋಗೂದ್ರಿ ಕಾಕಾ?’ ಎಂದು ಕೇಳಿ, ಸುಣ್ಣದ ಕಡ್ಡಿ ತಗೊಂಡು ನೆಲದ ಮೇಲೆ ಕುಳಿತಳು. ಅಪ್ಪ ಹೇಳಿದ ಹಾಗೆ ಗೆರೆ ಎಳೆದಳು. ಇಲ್ಲಿ ಗಿರಣಿ, ಇಲ್ಲಿ ಅಕ್ಕಸಾಲಿಗರ ಮನೆ, ಇಲ್ಲಿ ಬೇವಿನ ಗಿಡ. ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಮಾಸ್ತರರೊಬ್ಬರು, ಅವರಿಗೂ ಇದೇ ಕಾಯಿಲೆ, ಥಟ್ಟನೆ ತಕರಾರು ತೆಗೆದರು. ‘ಗಿರಣಿ ಆಕಡೆ ಇತ್ತು, ಸಾವ್ಕಾರ್ರ.’ ಅಪ್ಪ ಬಿಡಲಿಲ್ಲ. ಮಾಸ್ತರರೂ ಬಿಡಲಿಲ್ಲ. ವೆಂಕಟಪೇಟೆಯ ಅಜ್ಜಿಯೊಬ್ಬರು ಇಬ್ಬರದೂ ತಪ್ಪು ಎಂದರು. ಅರ್ಧ ತಾಸು ಹೀಗೇ ನಡೆಯಿತು. ನಿನ್ನೆ ಏನು ಉಂಡೆ ಎಂದು ಹೇಳಲಾಗದವರು ಒಂದು ಓಣಿಯ ಎಡ ಬಲಕ್ಕಾಗಿ ಕಾದಾಡುವುದನ್ನು ನೋಡುತ್ತಾ ನಾನು ಚಹಾ ಕುಡಿಯುವುದನ್ನೇ ಮರೆತೆ. ಈಗ ಆ ನಕ್ಷೆ ದೊಡ್ಡ ಡ್ರಾಯಿಂಗ್ ಹಾಳೆಗೆ ಬಂದಿದೆ. ವಾರ ವಾರ ತಿದ್ದುತ್ತಾರೆ. ಗಿರಣಿ ಸದ್ಯಕ್ಕೆ ಎರಡೂ ಕಡೆ ಇದೆ.

ಎಲ್ಲ ವಾರವೂ ಹೀಗೆ ಇರುವುದಿಲ್ಲ. ಒಮ್ಮೆ ಕಾಲೇಜು ಹುಡುಗರು ಸೇವೆ ಮಾಡಲು ಬಂದವರು ಎಲ್ಲರ ಮುಂದೆ ಕಾರ್ಟೂನು ಚಿತ್ರ, ಕ್ರೆಯಾನ್ಸ್ ಇಟ್ಟು ಬಣ್ಣ ತುಂಬಿ ಎಂದರು. ಮಾಸ್ತರರು ಹಾಳೆ ಆಚೆ ಸರಿಸಿ, ‘ನಾನೇನ್ ಬಾಲವಾಡಿ ಹುಡುಗ ಏನ್ರೀ?’ ಎಂದರು. ಮೂವತ್ತು ವರ್ಷ ಬೇರೆಯವರ ಹಾಳೆ ತಿದ್ದಿದ ಮನುಷ್ಯ, ಸಿಟ್ಟು ಬರದೆ ಇರುತ್ತದಾ? ಅದೇ ಮಾಸ್ತರರು ಚೌಕಾಬಾರ ಹಾಸಿದರೆ ಕವಡೆ ಹಿಡಿದು ಎದ್ದೇಳುವುದಿಲ್ಲ. ಅವರವರ ಬದುಕಿನಿಂದ ತೆಗೆದ ಕೆಲಸ ಕೊಟ್ಟಾಗ ಕೂಟ ಏಳುತ್ತದೆ, ಎಲ್ಲರಿಗೂ ಒಂದೇ ಕೆಲಸ ಹಂಚಿದಾಗ ಬೀಳುತ್ತದೆ. ನಡೆಸುವವರಿಗೆ ಇದು ಗೊತ್ತಿದೆ, ಆದರೆ ಹೊರಗಿನಿಂದ ಬಂದವರಿಗೆ ಬೇಡ ಅನ್ನಲು ಸಂಕೋಚ.

ಹೋಳಿ ಹತ್ತಿರ ಬಂದಾಗ ಹಲಗಿ ತಂದರು. ಬಾಗಲಕೋಟೆಯವರಿಗೆ ಹಲಗಿ ಬಾರಿಸಿದರೆ ಸಾಕು, ಕುಣಿಯುತ್ತಾರೆ ಎಂಬ ಲೆಕ್ಕ. ಅರ್ಧ ಜನ ಕುಣಿದರು, ನಿಜ. ಉಳಿದ ಅರ್ಧ ಜನ ಕಿವಿ ಮುಚ್ಚಿಕೊಂಡರು, ಒಬ್ಬ ಅಜ್ಜಿ ಅಳತೊಡಗಿದರು. ಆ ಭವನ ಗಡಗಡ ಪ್ರತಿಧ್ವನಿಸುತ್ತದೆ. ಕಿವಿಗೆ ಯಂತ್ರ ಹಾಕಿದವರಿಗೆ ಅದು ಹಿಂಸೆ. ಹಲಗಿ ಅಂಗಳದಲ್ಲಿ ಬಾರಿಸಲಿ, ಬೇಕಾದವರು ಹೊರಗೆ ಹೋಗಲಿ. ಇದನ್ನು ಹೇಳಿದ್ದೇನೆ, ಬರೆದುಕೊಂಡಿದ್ದಾರೆ.

ಬರುವವರಲ್ಲಿ ಗಂಡಸರೇ ಜಾಸ್ತಿ. ಇದು ಉಲ್ಟಾ ಇರಬೇಕಿತ್ತು. 2023ರಲ್ಲಿ ಬಂದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಹಾಗಾದರೆ ಅಜ್ಜಿಯರೆಲ್ಲಿ? ರೊಟ್ಟಿ ಬಡಿಯುತ್ತಿರುವ ತನಕ ಅಜ್ಜಿಗೆ ಏನೂ ಆಗಿಲ್ಲ ಎಂದೇ ಮನೆಯವರು ಅಂದುಕೊಂಡಿರುತ್ತಾರೆ. ಉಪ್ಪು ಎರಡು ಸಲ ಬಿದ್ದರೆ ಬೈಗುಳ, ಅಷ್ಟೇ.

ವಾರಕ್ಕೆ ಒಂದೇ ದಿನ ಅನ್ನುವುದು ನನ್ನ ದೊಡ್ಡ ತಕರಾರು. ಇಂಗ್ಲೆಂಡಿನಲ್ಲಿ ರೂಪಿಸಿದ ಒಂದು ಪದ್ಧತಿ ಇದೆ. ವಾರಕ್ಕೆ ಎರಡು ಸಲ, ಸಲಕ್ಕೆ 45 ನಿಮಿಷ, ಏಳು ವಾರಕ್ಕೆ 14 ಕೂಟ. ಮಾತು, ಆಟ, ಹಾಡು, ಹಳೇ ನೆನಪು ಎಲ್ಲ ಅದರಲ್ಲಿ ಇರುತ್ತವೆ. 2003ರಲ್ಲಿ ಅದರ ಫಲಿತಾಂಶ ಬಂತು. ಕಾಯಿಲೆ ಆರಂಭದ, ನಡುವಿನ ಹಂತದಲ್ಲಿದ್ದವರಿಗೆ ನೆನಪಿನಲ್ಲೂ ಬದುಕಿನ ಖುಷಿಯಲ್ಲೂ ಸ್ವಲ್ಪ ಸುಧಾರಣೆ ಕಂಡಿತು. ಅಕ್ಕಾವ್ರು ಅದರ ಆಧಾರದ ಮೇಲೇ ನಡೆಸುತ್ತಾರೆ, ಆದರೆ ಅರ್ಧಕ್ಕರ್ಧ ಮಾತ್ರ. ಜನ ಸಾಲುವುದಿಲ್ಲ, ಭವನವೂ ಸಿಗುವುದಿಲ್ಲ. ಮದುವೆ ಬುಕ್ ಆಯಿತೆಂದರೆ ಶನಿವಾರದ ಕೂಟವೂ ರದ್ದು, ಮೆಸೇಜು ಬರುವುದು ಅವತ್ತೇ ಬೆಳಿಗ್ಗೆ. ಅಷ್ಟೊತ್ತಿಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಅವರನ್ನು ಸಮಾಧಾನ ಮಾಡುವುದು ಯಾರು? ಹಿಂದಿನ ದಿನವೇ ತಿಳಿಸಿ ಸ್ವಾಮಿ.

ಶೌಚಾಲಯಕ್ಕೆ ಎರಡು ಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಏನೂ ಇಲ್ಲ. ಒಂದು ಅಂಕ ಅಲ್ಲಿಯೇ ಕಳೆದಿದ್ದೇನೆ.

ಹಿಂದಿನ ಕೋಣೆಯಲ್ಲಿ ನಮ್ಮಂಥವರು, ಅಂದರೆ ನೋಡಿಕೊಳ್ಳುವವರು ಕೂರುತ್ತೇವೆ. ಅಲ್ಲಿ ಸಿಗುವ ಮಾತು ಎಲ್ಲಿಯೂ ಸಿಗುವುದಿಲ್ಲ. ಗುಂಡಿಯ ಅಂಗಿ ಬಿಟ್ಟು ತಲೆಯಿಂದ ಹಾಕುವ ಬನಿಯನ್, ಕಟ್ಟುವ ಲಾಡಿ ಬದಲು ಇಲಾಸ್ಟಿಕ್, ಜೇಬಿನಲ್ಲಿ ಫೋನ್ ನಂಬರಿನ ಚೀಟಿ, ಚಪ್ಪಲಿ ಕಣ್ಣಿಗೆ ಬೀಳದಂತೆ ಇಡುವುದು. ಚಪ್ಪಲಿ ಕಂಡರೆ ಹೊರಟೇ ಬಿಡುತ್ತಾರೆ. ಒಬ್ಬಾಕೆ ಮಾತ್ರ ಏನೂ ಹೇಳದೆ ಗೋಡೆಗೆ ಒರಗಿ ನಿದ್ದೆ ಮಾಡಿ ಎದ್ದು ಹೋಗುತ್ತಾರೆ. ಅವರನ್ನು ಯಾರೂ ಎಬ್ಬಿಸುವುದಿಲ್ಲ.

ಹಾಸಿಗೆ ಹಿಡಿದವರಿಗೆ ಈ ಕೂಟ ಆಗುವುದಿಲ್ಲ. ಹಿರಿಯರ ಬಗ್ಗೆ ಬೇರೆ ಸಹಾಯ ಬೇಕಾದರೆ 14567ಕ್ಕೆ ಫೋನ್ ಮಾಡಿ, ಅದು ಸರಕಾರದ ಉಚಿತ ಸಹಾಯವಾಣಿ. ಕೂಟಕ್ಕೆ ಹೋಗುವವರು ಒಂದು ಜೊತೆ ಬಟ್ಟೆ ಹೆಚ್ಚಿಗೆ ಒಯ್ಯಿರಿ. ತಿನ್ನಲು ಏನಾದರೂ ಮಾಡಿಕೊಂಡು ಹೋಗುವುದಾದರೆ ಚೂಡಾ, ಚಕ್ಕುಲಿ ಬೇಡ, ನುಂಗಲು ಕಷ್ಟ ಇರುವವರು ಇದ್ದಾರೆ. ಮೆತ್ತಗಿನ ಶಿರಾ ನಡೆಯುತ್ತದೆ. ಸಕ್ಕರೆ ಕಾಯಿಲೆಯವರು ಅಕ್ಕಾವ್ರ ಕಣ್ಣು ತಪ್ಪಿಸಿ ಎರಡನೇ ಸಲ ತಟ್ಟೆ ಚಾಚುತ್ತಾರೆ, ಅದನ್ನು ಮಾತ್ರ ಯಾರೂ ಮರೆತಿಲ್ಲ.