ಆಳದ ಸೀಟಿನ ಡ್ರೆಸಾಜ್ ಜೀನು: ಕ್ಯಾಂಟರಿನಲ್ಲಿ ಎಷ್ಟು ನೆರವು, ಎಷ್ಟು ಅಡ್ಡಿ

ಡ್ರೆಸಾಜ್ ಎಂದರೆ ಕುದುರೆಯನ್ನು ಸೂಕ್ಷ್ಮ ಸನ್ನೆಗಳಿಂದ ನಡೆಸುವ ಸವಾರಿ. ಅದಕ್ಕೆಂದು ಈಗ ಮಾರಾಟಕ್ಕಿರುವ ಜೀನುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಸೀಟು ಆಳ, ಹಿಂಬದಿಯ ಏರು ಎತ್ತರ, ತೊಡೆಯ ಮುಂದೆ ಅದನ್ನು ತಡೆಹಿಡಿಯುವ ದಪ್ಪನೆಯ ದಿಂಬು, ಅಂದರೆ ಬ್ಲಾಕ್. ಇದರಲ್ಲಿ ಕೂತರೆ ಸವಾರ ಅಲುಗಾಡುವುದಿಲ್ಲ ಎಂಬುದು ಮಾರುವವರ ಮಾತು. ನಿಂತ ಕುದುರೆಯ ಮೇಲೆ ಕೂತು ನೋಡಿದರೆ ಆ ಮಾತು ನಿಜವೆನಿಸುತ್ತದೆ, ನಡಿಗೆಯಲ್ಲೂ ಹಾಯೆನಿಸುತ್ತದೆ. ಜೀನಿನ ನಿಜವಾದ ಗುಣ ಗೊತ್ತಾಗುವುದು ಕ್ಯಾಂಟರಿನಲ್ಲಿ, ಅಂದರೆ ಕುದುರೆಯ ಮೂರು ತಾಳದ ಓಟದಲ್ಲಿ. ಅಲ್ಲಿ ಸವಾರನ ಸೊಂಟ ಪ್ರತಿ ಹೆಜ್ಜೆಗೂ ಹೊರಳಲೇಬೇಕು, ಹೊರಳಲು ಜಾಗ ಕೊಡದ ಜೀನು ಎಷ್ಟೇ ಮೆತ್ತಗಿದ್ದರೂ ಸೀಟನ್ನು ಕೆಡಿಸುತ್ತದೆ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಮಧ್ಯಮ ಆಳದ ಸೀಟು, ಚಿಕ್ಕ ಅಥವಾ ಜಾಗ ಬದಲಿಸಬಹುದಾದ ಬ್ಲಾಕ್, ಸರಿಯಾದ ಜಾಗದಲ್ಲಿರುವ ರಿಕಾಪಿನ (ಸವಾರ ಕಾಲಿಡುವ ಕೊಂಡಿಯ) ಕಂಬಿ, ಈ ಮೂರೂ ಇರುವ ಜೀನೇ ಹೆಚ್ಚಿನ ಸವಾರರಿಗೆ ಒಳ್ಳೆಯದು.

ಕಾರಣ ಕುದುರೆಯ ಬೆನ್ನಿನ ಚಲನೆಯಲ್ಲೇ ಇದೆ. ಬಲಗಡೆಯ ಕ್ಯಾಂಟರನ್ನು, ಅಂದರೆ ಬಲಗಾಲುಗಳು ಮುಂದೆ ಬೀಳುವ ಕ್ಯಾಂಟರನ್ನು ತೆಗೆದುಕೊಳ್ಳಿ. ಮೊದಲು ಎಡ ಹಿಂಗಾಲು ನೆಲ ಮುಟ್ಟುತ್ತದೆ, ಆಮೇಲೆ ಬಲ ಹಿಂಗಾಲೂ ಎಡ ಮುಂಗಾಲೂ ಒಟ್ಟಿಗೆ, ಕೊನೆಗೆ ಬಲ ಮುಂಗಾಲು. ಅದಾದ ಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ. 'ತಕಿಟ' ಎಂದು ಹೇಳಿ ಅರೆಗಳಿಗೆ ಬಿಟ್ಟು ಮತ್ತೆ 'ತಕಿಟ' ಎಂದಂತೆ. ನಿಮಿಷಕ್ಕೆ ಸುಮಾರು ನೂರು ಸಲ ಇದು ಮರುಕಳಿಸುತ್ತದೆ. ಮೊದಲ ತಾಳದಲ್ಲಿ ಕುದುರೆಯ ಹಿಂಭಾಗ ತಗ್ಗಿ ಹೆಗಲು ಮೇಲೆದ್ದಿರುತ್ತದೆ. ಮೂರನೆಯ ತಾಳಕ್ಕೆ ಬರುವಾಗ ಹೆಗಲು ತಗ್ಗಿ ಹಿಂಭಾಗ ಏರಿರುತ್ತದೆ. ಅಂದರೆ ಜೀನೂ ಅದರ ಜೊತೆಗೆ ಮುಂದಕ್ಕೆ ಹಿಂದಕ್ಕೆ ವಾಲುತ್ತಿರುತ್ತದೆ.

ಸವಾರನ ತೊಡೆ ಜೀನಿಗೆ ಅಂಟಿಕೊಂಡಿದೆ, ಎದೆ ನೆಟ್ಟಗಿರಬೇಕು. ಹಾಗಾಗಿ ವಾಲುವಿಕೆಯನ್ನು ನುಂಗುವ ಕೆಲಸ ಸೊಂಟದ ಕೀಲಿನದು. ಕುದುರೆಯ ಹೆಗಲು ಎದ್ದಾಗ ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ ಸ್ವಲ್ಪ ಮುಚ್ಚುತ್ತದೆ, ಹೆಗಲು ಇಳಿದಾಗ ತೆರೆಯುತ್ತದೆ. ಈ ತೆರೆಯುವ ಗಳಿಗೆಯಲ್ಲೇ ಹೆಚ್ಚಿನವರು ತಪ್ಪುವುದು. ಸೊಂಟ ತೆರೆಯದೆ ಗಟ್ಟಿಯಾಗಿ ಉಳಿದರೆ ಎದೆ ಮುಂದಕ್ಕೆ ಬಾಗುತ್ತದೆ, ಮುಂದಿನ ಹೆಜ್ಜೆಗೆ ಸರಿಪಡಿಸಿಕೊಳ್ಳಲು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಪ್ರತಿ ಹೆಜ್ಜೆಗೂ ಹೀಗಾದಾಗ ಭುಜ ಪಂಪು ಹೊಡೆದಂತೆ ಕಾಣುತ್ತದೆ. 'ಭುಜ ಅಲ್ಲಾಡಿಸಬೇಡ' ಎಂದು ಎಷ್ಟು ಕೂಗಿದರೂ ಅದು ನಿಲ್ಲುವುದಿಲ್ಲ, ಏಕೆಂದರೆ ದೋಷ ಕೆಳಗಿದೆ.

ಇದರ ಜೊತೆಗೆ ಒಂದು ಓರೆಯೂ ಇದೆ. ಕ್ಯಾಂಟರಿನಲ್ಲಿ ಕುದುರೆಯ ಒಳಗಡೆಯ (ತಿರುವಿನ ಕಡೆಯ) ಕಾಲುಗಳು ಹೊರಗಡೆಯವಕ್ಕಿಂತ ಮುಂದೆ ಬೀಳುತ್ತವೆ. ಆದ್ದರಿಂದ ಸವಾರನ ಒಳಗಡೆಯ ಕೂರುಮೂಳೆಯೂ ತುಸು ಮುಂದಿರಬೇಕು, ಹೊರಗಡೆಯ ಕಾಲು ಜೀನು ಬಿಗಿಯುವ ಹೊಟ್ಟೆಪಟ್ಟಿಯಿಂದ ಸುಮಾರು ಅಂಗೈಯಗಲ ಹಿಂದೆ. ಎರಡೂ ಮೂಳೆಗಳನ್ನು ಒಂದೇ ಗೆರೆಯಲ್ಲಿ ಬಿಗಿಹಿಡಿದು ಕೂತರೆ ವೃತ್ತದಲ್ಲಿ ಸವಾರ ಹೊರಗಡೆಗೆ ಜಾರುತ್ತಾನೆ, ಒಳಗಡೆಯ ಪಕ್ಕೆ ಕುಸಿಯುತ್ತದೆ, ಕುದುರೆ ಲೀಡ್ (ಯಾವ ಕಡೆಯ ಕಾಲು ಮುಂದೆ ಬೀಳುತ್ತದೆ ಎಂಬುದನ್ನು) ಬದಲಿಸುತ್ತದೆ ಅಥವಾ ಟ್ರಾಟಿಗೆ (ಎರಡು ತಾಳದ ಓಟಕ್ಕೆ) ಇಳಿಯುತ್ತದೆ.

ಈಗ ಜೀನಿಗೆ ಬರೋಣ. ಹಿಂಬದಿಯ ಏರು ಕಡಿದಾಗಿದ್ದು ಮುಂದೆ ದಪ್ಪ ಬ್ಲಾಕ್ ಇದ್ದರೆ ತೊಡೆ ಮುಂದಿನಿಂದಲೂ ಪೃಷ್ಠ ಹಿಂದಿನಿಂದಲೂ ಸಿಕ್ಕಿಕೊಳ್ಳುತ್ತವೆ. ಆಗ ಸೊಂಟದ ಕೀಲಿಗೆ ತೆರೆಯಲು ಮುಚ್ಚಲು ಎಡೆಯಿಲ್ಲ. ಜೀನು ವಾಲಿದಷ್ಟೂ ಸೊಂಟ ವಾಲುತ್ತದೆ, ಆ ಚಲನೆ ನಡುಬೆನ್ನಿಗೆ ಮತ್ತು ಕುತ್ತಿಗೆಗೆ ಹೋಗುತ್ತದೆ. ಆಳದ ಸೀಟಿನಲ್ಲಿ ಕೂತವರ ತಲೆ ಕ್ಯಾಂಟರಿನಲ್ಲಿ ತೂಗುವುದಕ್ಕೆ, ಸವಾರಿ ಮುಗಿಸಿದ ಮೇಲೆ ನಡು ನೋಯುವುದಕ್ಕೆ ಇದು ಸಾಮಾನ್ಯ ಕಾರಣ. ಇದಕ್ಕೆ ಒರಟು ಚರ್ಮದ ಸೀಟು, ಸಿಲಿಕೋನ್ ಅಂಟಿಸಿದ ಬ್ರೀಚಸ್ (ಸವಾರಿಯ ಚಲ್ಲಣ) ಎರಡೂ ಸೇರಿದರೆ ಒಳಗಡೆಯ ಮೂಳೆ ಮುಂದೆ ಸರಿಯುವ ಆ ಸಣ್ಣ ಚಲನೆಯೂ ನಿಂತುಹೋಗುತ್ತದೆ. ಹಿಡಿತ ಬೇಕಾದವರು ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಅಳತೆಯ ಮಾತು. ಆಳದ ಸೀಟು ಅದೇ ಅಳತೆಯ ಚಪ್ಪಟೆ ಸೀಟಿಗಿಂತ ಇಕ್ಕಟ್ಟು. ಸಾಮಾನ್ಯವಾಗಿ 17 ಇಂಚಿನ ಸೀಟು ಬಳಸುವವರು ಆಳದ ಮಾದರಿಯಲ್ಲಿ 17.5 ಇಂಚನ್ನೂ ಕೂತು ನೋಡಬೇಕು. ಸೀಟಿನ ಅತಿ ತಗ್ಗಾದ ಜಾಗದಲ್ಲಿ ಕೂತು ಪೃಷ್ಠದ ಹಿಂದೆ ಕೈಯಿಡಿ. ಏರಿನ ಅಂಚಿನವರೆಗೆ ನಾಲ್ಕು ಬೆರಳಿನ ಜಾಗ ಇರಬೇಕು. ಬ್ಲಾಕ್ ಮತ್ತು ತೊಡೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಉದ್ದ ತೊಡೆಯವರಿಗೆ ಬ್ಲಾಕ್ ಮೊದಲೇ ತಾಗಿಬಿಡುತ್ತದೆ. ಅಂಥವರಿಗೆ ಬೇಕಿರುವುದು ಮುಂದಕ್ಕೆ ಚಾಚುವಂತೆ ಕತ್ತರಿಸಿದ ಫ್ಲಾಪ್ (ಜೀನಿನ ಪಕ್ಕದ ಚರ್ಮದ ಹಾಳೆ). ಸೀಟನ್ನು ಮಾತ್ರ ದೊಡ್ಡದು ಮಾಡಿದರೆ ಬ್ಲಾಕ್ ಅವರನ್ನು ಹಿಂದಕ್ಕೆ ತಳ್ಳುತ್ತದೆ, ಏರಿನ ಮೇಲೆ ಕೂತಂತಾಗುತ್ತದೆ. ವೆಲ್ಕ್ರೋ ಬ್ಲಾಕ್ ಇರುವ ಮಾದರಿಗಳಿಗೆ ನಾವು ಹೆಚ್ಚು ಅಂಕ ಕೊಡುವುದು ಇದಕ್ಕೇ. ತೆಗೆದು ಸವಾರಿ ಮಾಡಿ ನೋಡಬಹುದು, ಬೇಕಾದರೆ ಕೆಳಗೆ ಅಂಟಿಸಬಹುದು.

ಸೀಟಿನ ಆಳಕ್ಕಿಂತ ಮುಖ್ಯವಾದದ್ದು, ಯಾರೂ ಕೇಳದೆ ಕೊಳ್ಳುವಂಥದ್ದು, ರಿಕಾಪು ನೇತುಹಾಕುವ ಕಂಬಿಯ ಜಾಗ. ಕಂಬಿ ಮುಂದಿದ್ದರೆ ರಿಕಾಪಿನ ಪಟ್ಟಿ ಕಾಲನ್ನು ಮುಂದಕ್ಕೆ ಎಳೆಯುತ್ತದೆ, ಸವಾರ ಕುರ್ಚಿಯಲ್ಲಿ ಕೂತಂತೆ ಕೂರುತ್ತಾನೆ. ಕ್ಯಾಂಟರಿನ ಮೂರನೆಯ ತಾಳದಲ್ಲಿ ಕುದುರೆಯ ಹಿಂಭಾಗ ಎದ್ದಾಗ ಅವನು ಸೀಟಿನಿಂದ ಮೇಲೇಳುತ್ತಾನೆ, ಮೊದಲ ತಾಳಕ್ಕೆ ಸರಿಯಾಗಿ ಕುದುರೆಯ ಬೆನ್ನಿನ ಮೇಲೆ ದಪ್ಪೆಂದು ಬೀಳುತ್ತಾನೆ. ಕುದುರೆ ಬೆನ್ನನ್ನು ತಗ್ಗಿಸಿ ತಲೆಯೆತ್ತುವುದು ಆಗಲೇ. ಪರೀಕ್ಷೆ ಸುಲಭ. ಸೀಟಿನ ತಗ್ಗಿನಲ್ಲಿ ಕೂತು ಕಾಲನ್ನು ಸಡಿಲವಾಗಿ ಬಿಟ್ಟರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರದಲ್ಲಿ ಬರಬೇಕು, ಆಗಲೂ ರಿಕಾಪಿನ ಪಟ್ಟಿ ನೆಟ್ಟಗೆ ತೂಗಬೇಕು. ಡ್ರೆಸಾಜಿಗೆ ರಿಕಾಪಿನ ತಳ ಕಾಲಿನ ಹರಡಿನ ಮಟ್ಟಕ್ಕೆ ಬಂದರೆ ಶುರುವಿಗೆ ಸರಿಯಾದ ಉದ್ದ. ಅದಕ್ಕಿಂತ ಉದ್ದ ಬಿಟ್ಟವರು ಕಾಲ್ಬೆರಳಿನಿಂದ ರಿಕಾಪನ್ನು ಹುಡುಕುತ್ತಾರೆ, ಮೊಣಕಾಲು ಬಿಗಿಯುತ್ತದೆ. ಬಿಗಿದ ಮೊಣಕಾಲಿನ ಮೇಲೆ ದೇಹ ತಿರುಗತೊಡಗಿದರೆ ಸೀಟು ಮೇಲೇಳದೆ ಬೇರೆ ದಾರಿಯೇ ಇಲ್ಲ.

ಕುದುರೆಯ ಬೆನ್ನಿಗೆ ಹೊಂದದ ಜೀನಿನಲ್ಲಿ ಇಷ್ಟೆಲ್ಲ ನೋಡಿಯೂ ಫಲವಿಲ್ಲ. ಒಳಗಿನ ಚೌಕಟ್ಟು ಅಗಲವಾದರೆ ಜೀನಿನ ಮುಂಭಾಗ ಕುಸಿದು ಸವಾರನನ್ನು ಮುಂದಕ್ಕೆ ತಳ್ಳುತ್ತದೆ. ಕಿರಿದಾದರೆ ಮುಂಭಾಗ ಎದ್ದು ನಿಂತು ಸೀಟಿನ ತಗ್ಗು ಹಿಂದಕ್ಕೆ ಸರಿಯುತ್ತದೆ, ಕ್ಯಾಂಟರಿನಲ್ಲಿ ಎಷ್ಟು ಪ್ರಯತ್ನಿಸಿದರೂ ಸವಾರ ಹಿಂದೆಯೇ ಉಳಿಯುತ್ತಾನೆ. ದುಂಡನೆಯ ಪೆನ್ಸಿಲನ್ನು ಸೀಟಿನ ಮೇಲೆ ಅಡ್ಡಲಾಗಿಟ್ಟು ಬಿಡಿ, ಅದು ಉರುಳಿ ಸೀಟಿನ ನಡುವೆ ನಿಲ್ಲಬೇಕು. ಮುಂದಿನ ಕಮಾನಿನ ಕೆಳಗೆ ಸವಾರ ಕೂತಾಗಲೂ ಎರಡು ಮೂರು ಬೆರಳಿನ ಎಡೆ ಬೇಕು. ಹಿಂದೆ ಪ್ಯಾನೆಲ್ಲು (ಜೀನಿನ ಅಡಿಯ ಮೆತ್ತೆ) ಕೊನೆಯ ಪಕ್ಕೆಲುಬನ್ನು ದಾಟಬಾರದು. ಕಿರಿದಾದ ಜೀನಿನ ಕೆಳಗೆ ದಪ್ಪ ಪ್ಯಾಡು ಹಾಕುವುದು ಬಿಗಿಯಾದ ಜಾಗವನ್ನು ಇನ್ನಷ್ಟು ಬಿಗಿಮಾಡುವ ಕೆಲಸ, ಅದನ್ನು ಮಾಡಬೇಡಿ.

ಪ್ರಯತ್ನಕ್ಕೆ ತಂದ ಜೀನನ್ನು ಹೀಗೆ ನೋಡಿ. 20 ಮೀಟರಿನ ವೃತ್ತದಲ್ಲಿ ಎರಡೂ ಕೈಗೆ (ಎಡಕ್ಕೂ ಬಲಕ್ಕೂ) ಕ್ಯಾಂಟರ್ ಮಾಡಿ, ಒಬ್ಬರು ಜೀನಿನ ಎತ್ತರಕ್ಕೆ ಫೋನು ಹಿಡಿದು ನಿಧಾನಗತಿಯಲ್ಲಿ ಚಿತ್ರಿಸಲಿ, ಸೆಕೆಂಡಿಗೆ 120 ಫ್ರೇಮ್ ಸಾಕು. ಬ್ರೀಚಸಿನ ಪಕ್ಕದ ಹೊಲಿಗೆಯ ಮೇಲೆ, ಸೊಂಟದಿಂದ ಮೊಣಕಾಲಿಗೆ, ಬಿಳಿಯ ಟೇಪ್ ಅಂಟಿಸಿದರೆ ಕೋನ ಕಣ್ಣಿಗೆ ಕಟ್ಟುತ್ತದೆ. ಹೊರಗಡೆಯ ಹಿಂಗಾಲು ನೆಲ ಮುಟ್ಟುವ ಫ್ರೇಮನ್ನೂ ಒಳಗಡೆಯ ಮುಂಗಾಲು ಪೂರ್ತಿ ಭಾರ ಹೊತ್ತ ಫ್ರೇಮನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಎದೆಯ ನಿಲುವು ಹೆಚ್ಚುಕಡಿಮೆ ಒಂದೇ ಆಗಿದ್ದು ಸೊಂಟದ ಕೋನ ಮಾತ್ರ ಬದಲಾಗಿದ್ದರೆ ಜೀನು ನಿಮಗೆ ಜಾಗ ಕೊಟ್ಟಿದೆ. ಕೋನ ಹಾಗೇ ಇದ್ದು ಎದೆ ವಾಲಿದ್ದರೆ ಬ್ಲಾಕ್ ತೆಗೆದು ಇನ್ನೊಮ್ಮೆ ಚಿತ್ರಿಸಿ. ಆಗಲೂ ಬದಲಾಗದಿದ್ದರೆ ರಿಕಾಪು ಬಿಟ್ಟು ಒಂದು ಸುತ್ತು ಹೋಗಿ. ರಿಕಾಪಿಲ್ಲದೆ ಸೀಟು ಸಡಿಲವಾದರೆ ತಪ್ಪು ಪಟ್ಟಿಯ ಉದ್ದದಲ್ಲೋ ಕಂಬಿಯಲ್ಲೋ ಇದೆ.

ಹಿಂದಿನಿಂದಲೂ ಚಿತ್ರಿಸುವುದನ್ನು ಮರೆಯಬೇಡಿ. ಜೀನು ಒಂದು ಕೈಗೆ ಮಾತ್ರ ಹೊರಗಡೆ ಜಾರುತ್ತಿದ್ದರೆ ಸವಾರನ ಓರೆ, ಪ್ಯಾನೆಲ್ಲಿನ ತುಂಬುವಿಕೆಯ ಹೆಚ್ಚುಕಡಿಮೆ, ಕುದುರೆಯ ಹಿಂಗಾಲಿನ ನೋವು, ಮೂರೂ ಸಾಧ್ಯ. ಬೇರೆ ಸವಾರ ಕೂತಾಗಲೂ ಅದೇ ಕಡೆಗೆ ಜಾರಿದರೆ ಜೀನು ಬದಲಿಸುವ ಮೊದಲು ಪಶುವೈದ್ಯರಿಗೆ ತೋರಿಸಿ. ಹಿಂಗಾಲಿನ ಸಣ್ಣ ಕುಂಟು ಕಣ್ಣಿಗೆ ಕಾಣುವ ಮೊದಲೇ ಜೀನಿನ ಜಾರುವಿಕೆಯಲ್ಲಿ ಕಾಣಿಸಿಕೊಳ್ಳುವುದುಂಟು. ಸವಾರಿ ಮುಗಿದ ಮೇಲೆ ಬೆವರಿನ ಗುರುತು ನೋಡಿ. ಬೆವರಿದ ಬೆನ್ನಿನಲ್ಲಿ ಪ್ಯಾನೆಲ್ಲಿನ ಕೆಳಗೆ ಒಣಗಿದ ತೇಪೆಗಳಿದ್ದರೆ ಅಲ್ಲಿ ಅತಿ ಒತ್ತಡ ಇದೆ, ಇಲ್ಲವೇ ಜೀನು ತಾಗುತ್ತಲೇ ಇಲ್ಲ. ಕೈಯಾಡಿಸಿ ಒತ್ತಿದರೆ ಕುದುರೆಯೇ ಹೇಳುತ್ತದೆ.

ಜಂಪಿಂಗ್ ಜೀನನ್ನು ಇದಕ್ಕೆ ಹೋಲಿಸುವವರಿದ್ದಾರೆ. ಅದರ ಚಪ್ಪಟೆ ಸೀಟಿನಲ್ಲಿ ಸೊಂಟಕ್ಕೆ ಬೇಕಾದಷ್ಟು ಜಾಗ ಇದೆ, ಎಳೆಯ ಕುದುರೆಯ ಬೆನ್ನಿನಿಂದ ಭಾರ ತೆಗೆದು ಹಗುರಾಗಿ ಕ್ಯಾಂಟರ್ ಮಾಡಲು ಅದೇ ಮೇಲು. ಕಂಬಿ ಮುಂದಿರುವುದರಿಂದ ಉದ್ದ ರಿಕಾಪಿನಲ್ಲಿ ಕೂತು ಮಾಡುವ ಕ್ಯಾಂಟರಿಗೆ ಅದು ಒದಗುವುದಿಲ್ಲ. ಎರಡೂ ಕೆಲಸಕ್ಕೆಂದು ಮಾರುವ ಜೀನುಗಳಲ್ಲಿ ಕಂಬಿ ಎಲ್ಲಿದೆ ಎಂದು ಒಂದೊಂದನ್ನೂ ನೋಡಿಯೇ ಹೇಳಬೇಕು.

ಆಳದ ಸೀಟು ಯಾರಿಗೆ ಒಪ್ಪುತ್ತದೆ? ಕ್ಯಾಂಟರಿನ ಚಲನೆಯನ್ನು ಆಗಲೇ ಕಲಿತ, ದೊಡ್ಡ ಹೆಜ್ಜೆಯ ಕುದುರೆ ಇರುವ, ತಮ್ಮ ಅಳತೆಗೆ ಸರಿಯಾಗಿ ಜೀನು ಮಾಡಿಸಿಕೊಳ್ಳಬಲ್ಲ ಸವಾರರಿಗೆ. ಈಗಷ್ಟೇ ಕ್ಯಾಂಟರ್ ಕಲಿಯುತ್ತಿರುವವರಿಗೆ ಇದನ್ನು ಕೊಡಿಸಬೇಡಿ ಎಂದು ನಾವು ಒತ್ತಿ ಹೇಳುತ್ತೇವೆ. ಅವರು ಸೊಂಟದಿಂದ ಕಲಿಯಬೇಕಾದದ್ದನ್ನು ಬ್ಲಾಕಿಗೆ ಒತ್ತಿಹಿಡಿದು ತಪ್ಪಿಸಿಕೊಳ್ಳುತ್ತಾರೆ, ಜೀನು ಬದಲಾದ ದಿನ ಸೀಟೇ ಇರುವುದಿಲ್ಲ.

ಕೊಂಡ ಮೇಲೆ ಉಣ್ಣೆ ತುಂಬಿದ ಪ್ಯಾನೆಲ್ಲು ಮೊದಲ ಕೆಲವು ತಿಂಗಳಲ್ಲೇ ಕೂತು ತೆಳುವಾಗುತ್ತದೆ, ಸೀಟಿನ ತಗ್ಗು ಜಾಗ ಬದಲಿಸುತ್ತದೆ. ಆಮೇಲೂ ಆರು ತಿಂಗಳಿಗೊಮ್ಮೆ ಜೀನು ಹೊಂದಿಸುವವರಿಗೆ ತೋರಿಸಿ. ರಿಕಾಪಿನ ಪಟ್ಟಿಗಳನ್ನು ಆಗಾಗ ಎಡಬಲ ಅದಲುಬದಲು ಮಾಡಿ. ಎಡಗಡೆಯಿಂದಲೇ ಹತ್ತುವುದರಿಂದ ಆ ಪಟ್ಟಿ ಹಿಗ್ಗುತ್ತದೆ, ತೂತುಗಳ ಎಣಿಕೆ ಸಮವಾಗಿದ್ದರೂ ಎಡ ರಿಕಾಪು ಕೆಳಗಿರುತ್ತದೆ, ಕ್ಯಾಂಟರಿನಲ್ಲಿ ಸವಾರ ಒಂದು ಕಡೆಗೆ ಯಾಕೆ ವಾಲುತ್ತಾನೆಂದು ಜೀನಿನಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ.